ಎರೆಹಾಳದ ಡೈರಿ ಹುಡುಕಿದ ಖಾಸಿಂಬಿ

ನಮ್ಮ ತಾಲೂಕು ಕಚೇರಿ ಯಾವುದು ಎಂದು ಮಾತ್ರ ಕೇಳಬೇಡಿ. ಧಾರವಾಡ ಜಿಲ್ಲೆಯ ಎರೆಮಣ್ಣಿನ ಸೀಮೆಯಲ್ಲಿ ಎಲ್ಲೋ ಇದೆ ಎಂದುಕೊಳ್ಳಿ. ಹೆಸರು ಹೇಳಿದರೆ ನಾಳೆ ಅದರ ಕಂಪೌಂಡಿನ ಬೇವಿನ ಗಿಡದ ಕೆಳಗೆ ನನ್ನ ಟೇಬಲ್ಲು ಹಾಕಲು ಬಿಡುವುದಿಲ್ಲ. ಮೂವತ್ತೊಂದು ವರ್ಷದಿಂದ ಅಲ್ಲೇ ಕುಳಿತು ಅರ್ಜಿ ಬರೆಯುತ್ತಿದ್ದೇನೆ. ಬಾಂಡ್ ರೈಟರ್ ಸುಭಾಸ ಎಂದರೆ ಬಸ್‌ಸ್ಟ್ಯಾಂಡಿನಿಂದಲೇ ದಾರಿ ತೋರಿಸುತ್ತಾರೆ. ಎದುರಿಗೆ ಕಂಪ್ಯೂಟರಿನವರು ನಾಲ್ಕು ಅಂಗಡಿ ಹಾಕಿದರೂ ನಾನು ಕೈಬರಹ ಬಿಟ್ಟಿಲ್ಲ. ನನ್ನ ಅಕ್ಷರ ಮುತ್ತಿನಂತಿವೆ. ಇದನ್ನು ನಾನೇ ಹೇಳಿಕೊಳ್ಳುವ ಕಾಲ ಬಂತು ನೋಡಿ.

ಆದರೆ ಹೇಳಹೊರಟಿರುವುದು ಖಾಸಿಂಬಿಯ ಕಥೆ. ಆಕೆ ನಮ್ಮ ಕಚೇರಿಯ ದಫ್ತರಬಂದ. ಸರ್ಕಾರದ ಪಟ್ಟಿಯಲ್ಲಿ ಜವಾನರ ಸಾಲಿನ ಹುದ್ದೆ. ರಿಕಾರ್ಡ್ ರೂಮಿನಲ್ಲಿ ಹಳೆಯ ಪುಸ್ತಕಗಳ ದಫ್ತರ ಬಿಚ್ಚುವುದು, ಬೇಕಾದ್ದನ್ನು ತೆಗೆದುಕೊಡುವುದು, ಮತ್ತೆ ಕಟ್ಟಿಡುವುದು ಅವಳ ಕೆಲಸ. ದುಮ್ಮವಾಡದ ಮಗಳು, ಈ ಊರಿನ ಸೊಸೆ, ನಮಗೆಲ್ಲ ಆಪಾ, ಅಂದರೆ ಅಕ್ಕ. ಗಂಡ ಅಲ್ಲಾಭಕ್ಷ ಇದೇ ಕೆಲಸದಲ್ಲಿದ್ದ. ಆತ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಹುದ್ದೆಯನ್ನು ಇವಳಿಗೆ ಕೊಟ್ಟರು. ಕಲಿತದ್ದು ಏಳನೆಯ ಇಯತ್ತೆ. ಮೊದಲ ದಿನ ಧೂಳಿನೊಳಗೆ ಹೋಗಿ ಆಕೆ ಸೀನಿದ್ದು ನನ್ನ ಟೇಬಲ್ಲಿನವರೆಗೆ ಕೇಳಿಸಿತ್ತು. ಇಪ್ಪತ್ತೆಂಟು ವರ್ಷ ಆ ಸೀನು ನಿಲ್ಲಲಿಲ್ಲ, ಆಕೆಯೂ ಒಂದು ದಿನ ಸುಮ್ಮನೆ ಕೂಡಲಿಲ್ಲ.

ಪ್ಯಾಟಿ ಮಂದಿ ಪಹಣಿ ಅಂದರೆ ಮೊಬೈಲಿನಲ್ಲಿ ಬರುವ ವಸ್ತು ಎಂದು ತಿಳಿದಿದ್ದಾರೆ. ಬರುತ್ತದೆ, ಯಾಕೆ ಬರುವುದಿಲ್ಲ! ಆದರೆ ಅದು ಈಚಿನ ಇಪ್ಪತ್ತೈದು ವರ್ಷದ್ದು. ಅಣ್ಣತಮ್ಮಂದಿರು ಜಗಳಕ್ಕೆ ಬಿದ್ದಾಗ ಬೇಕಾಗುವುದು ಮುತ್ಯಾನ ಕಾಲದ್ದು. ಹಿರಿಯ ಸತ್ತರೆ, ಹೊಲ ವಾಟ್ನಿಯಾಗಿ ಪಾಲಾದರೆ, ಮಾರಿದರೆ, ಊರಿನ ಲೆಕ್ಕಿಗ ಅದನ್ನು ಒಂದು ದೊಡ್ಡ ಪುಸ್ತಕದಲ್ಲಿ ಬರೆಯುತ್ತಿದ್ದ. ಆ ಪುಸ್ತಕಕ್ಕೆ ನಮ್ಮ ಕಡೆ ಡೈರಿ ಎನ್ನುತ್ತಾರೆ. ತಕರಾರು ಇದ್ದವರು ಬಂದು ಹೇಳಬೇಕು. ಯಾರೂ ಹೇಳದಿದ್ದರೆ ಸರ್ಕಲ್ ಸಾಹೇಬರು, ಅಂದರೆ ಕಂದಾಯ ನಿರೀಕ್ಷಕರು, ಸಹಿ ಹಾಕಬೇಕು. ಆಮೇಲೆಯೇ ಪಹಣಿಯಲ್ಲಿ ಹೆಸರು ಬದಲು. ಪುಸ್ತಕ ತುಂಬಿದ ಮೇಲೆ ತಾಲೂಕಿಗೆ ಬಂದು ಖಾಸಿಂಬಿಯ ಕೈ ಸೇರುತ್ತಿತ್ತು. ಆಕೆ ಹಾಳೆಗಳ ನಡುವೆ ಒಣಗಿದ ಬೇವಿನ ಎಲೆ ಇಟ್ಟು, ಮೇಲೆ ಕೆಳಗೆ ರಟ್ಟು ಕೊಟ್ಟು, ಬಿಳಿಯ ರುಮಾಲಿನಲ್ಲಿ ಕಟ್ಟಿ, ಊರ ಹೆಸರು ಬರೆದು ಇಡುತ್ತಿದ್ದಳು. ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ತನ್ನ ಕೊಡೆ ಪುಸ್ತಕಕ್ಕೆ ಹಿಡಿದು ತಾನು ತೊಯ್ದದ್ದನ್ನು ನಾನೇ ಕಂಡಿದ್ದೇನೆ.

ಮತ್ತೆ ಆಕೆಯ ಚೀಟಿ! ಅಬ್ಬಬ್ಬಾ, ಆ ಚೀಟಿಯ ಕಾಟ ತಡೆದುಕೊಂಡವರೇ ಬಲ್ಲರು. ಯಾವ ಪುಸ್ತಕ ಕಪಾಟಿನಿಂದ ಹೊರಬಂದರೂ ಅದು ಇದ್ದ ಜಾಗದಲ್ಲಿ ಒಂದು ಚೀಟಿ ಇಡಬೇಕು. ಯಾರು ಒಯ್ದರು, ಯಾವತ್ತು, ಯಾಕೆ, ಸಹಿ. ಒಮ್ಮೆ ತಹಶೀಲ್ದಾರರೊಬ್ಬರು ಅವಸರದಲ್ಲಿ ಪುಸ್ತಕ ಹಿಡಿದು ನಡೆದೇಬಿಟ್ಟಿದ್ದರು. ಖಾಸಿಂಬಿ ಜೀಪಿನ ಮುಂದೆ ಹೋಗಿ ನಿಂತಳು. "ಸಾಹೇಬ್ರ, ಚೀಟಿಗೆ ಸಹಿ ಆಗಲಿಲ್ರಿ." ಅವರು ಜೀಪಿನ ಬಾನೆಟ್ಟಿನ ಮೇಲಿಟ್ಟು ಸಹಿ ಮಾಡಿ ಹೋದರು. ಮರುದಿನ ಇಡೀ ಕಚೇರಿ ಅದನ್ನೇ ಆಡಿಕೊಂಡು ನಕ್ಕಿತು.

ಇಂಥವಳ ನಿವೃತ್ತಿಗೆ ಹನ್ನೆರಡು ದಿನ ಇರುವಾಗ, ಕಳೆದ ಮೇ ತಿಂಗಳಲ್ಲಿ, ಎರೆಹಾಳದ ಸಿದ್ಧಾರೂಢ ಎಂಬ ರೈತ ಅರವತ್ತೆಂಟನೆಯ ಇಸವಿಯ ವಾಟ್ನಿಯ ನಕಲು ಕೇಳಿ ಬಂದ. ಖಾಸಿಂಬಿ ಎರೆಹಾಳದ ದಫ್ತರ ಬಿಚ್ಚಿದಳು. ಮೂರು ಡೈರಿಗಳಲ್ಲಿ ನಡುವಿನದು ಇಲ್ಲ. ಚೀಟಿಯೂ ಇಲ್ಲ! ಎರಡು ದಿನ ಓಡಾಡಿಸಿ ಕಚೇರಿಯವರು ‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ಬರೆದುಕೊಟ್ಟರು.

ಸಿದ್ಧಾರೂಢ ಬೆಂಕಿಯಾಗಿ ನನ್ನ ಟೇಬಲ್ಲಿಗೆ ಬಂದ. "ಬರೀರಿ ಸುಭಾಸಣ್ಣಾ, ತಕರಾರ ಅರ್ಜಿ ಬರೀರಿ. ಓದಿದಾವ್ರು ಕುರ್ಚಿ ಬಿಟ್ಟು ಏಳಬೇಕು, ಹಂಗ ಬರೀರಿ" ಎಂದ. ಬರೆದೆ. ನನಗೊಂದು ಚಟವಿದೆ, ಅರ್ಜಿ ಸಪ್ಪಗಾಗಬಾರದೆಂದು ಒಂದಿಷ್ಟು ಉಪ್ಪುಖಾರ ಹಾಕುತ್ತೇನೆ. ‘ಸದರಿ ದಫ್ತರಬಂದ ಇವರು ಲಂಚದ ಆಸೆಗಾಗಿ ಪುಸ್ತಕವನ್ನು ಬಚ್ಚಿಟ್ಟಿರುವ ಬಲವಾದ ಸಂಶಯವಿದೆ’ ಎಂದು ಕೊನೆಗೆ ಒಂದು ಸಾಲು ಸೇರಿಸಿದೆ. ಸಿದ್ಧಾರೂಢ ಅದನ್ನು ಹೇಳಿರಲಿಲ್ಲ. ಶಿವನಾಣೆ, ಆ ಸಾಲು ಪೂರ್ತಿ ನನ್ನದು. ಕಚೇರಿಗೆಲ್ಲ ಒಬ್ಬಳೇ ದಫ್ತರಬಂದ ಇರುವುದು ನೆನಪಿರಲಿಲ್ಲವೇ ಎಂದು ಕೇಳುತ್ತೀರಿ. ನೆನಪಿತ್ತು. ಆದರೆ ಪೆನ್ನು ಓಡುವಾಗ ನನ್ನಂಥವನಿಗೆ ಸಾಲು ಚೆಂದ ಬಂದರೆ ಸಾಕು. ಅದು ಯಾರ ಕೊರಳಿಗೆ ಬೀಳುತ್ತದೆ ಎಂದು ನೋಡುವುದಿಲ್ಲ.

ಇಪ್ಪತ್ತೆಂಟನೆಯ ತಾರೀಖು ಖಾಸಿಂಬಿ ಬೇವಿನ ಗಿಡದ ಕೆಳಗೆ ಬಂದಳು. ಕೈಯಲ್ಲಿ ನೋಟಿಸು. ಮೂವತ್ತೊಂದರೊಳಗೆ ಪುಸ್ತಕ ಹಾಜರುಪಡಿಸಬೇಕು, ಇಲ್ಲದಿದ್ದರೆ ಪೊಲೀಸ್ ಕೇಸು, ಪಿಂಚಣಿಗೂ ತಡೆ. ಅದರ ಹಿಂದೆ ಪಿನ್ನು ಹಾಕಿ ನನ್ನ ಅರ್ಜಿಯ ಜೆರಾಕ್ಸ್! ಮುತ್ತಿನಂಥ ಅಕ್ಷರ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ ನಾನು ಸುಮ್ಮಸುಮ್ಮನೆ ಪೆನ್ನು ಬಿಚ್ಚಿ ಮುಚ್ಚಿ ಮಾಡತೊಡಗಿದೆ.

"ಪಿಂಚಣಿ ಹೋದ್ರ ಹೋಗವಲ್ದ್ಯಾಕ ಸುಭಾಸಣ್ಣಾ" ಎಂದಳು. "ಇಪ್ಪತ್ತೆಂಟ ವರ್ಷ ಆ ಬಾಗಲಾ ದಾಟಿ ಒಳಗ ಹೊರಗ ಮಾಡೇನಿ. ಮೂವತ್ತೊಂದಕ್ಕ ಕಳ್ಳಿ ಅನಿಸ್ಕೊಂಡು ಹೊರಗ ಹ್ಯಾಂಗ ಬರ್ಲಿ? ಇದಕ್ಕೊಂದ ಉತ್ತರಾ ಬರಕೊಡ್ರಿ."

ನಿಜ ಹೇಳಲು ಬಾಯಿ ಬರಲಿಲ್ಲ. "ಉತ್ತರಾ ಆಮ್ಯಾಲ ಆಪಾ, ಮೊದಲ ಪುಸ್ತಕಾ ಹುಡಕೂಣು ನಡೀರಿ" ಎಂದು ಎದ್ದೇಬಿಟ್ಟೆ.

ಎದ್ದದ್ದೇನೋ ಸರಿ. ರಿಕಾರ್ಡ್ ರೂಮಿನ ಬಾಗಿಲಲ್ಲಿ ಆಕೆ ಕೈ ಅಡ್ಡ ಹಿಡಿದಳು. "ಹೊರಗಿನವ್ರು ಒಳಗ ಬರೂಹಂಗಿಲ್ಲ. ಹೊಸ್ತಿಲದಾಗ ಕುಂದರ್ರಿ." ಎಲಾ ಇವಳ! ಕುತ್ತಿಗೆಗೆ ಬಂದಿದ್ದರೂ ಕಾಯಿದೆ ಬಿಡಲೊಲ್ಲಳು. ಕುಳಿತೆ. ಆಕೆ ಒಳಗೆ ಒಂದೊಂದೇ ದಫ್ತರ ಬಿಚ್ಚಿ ಹೆಸರು ಕೂಗುವಳು, ನಾನು ಹೊಸ್ತಿಲಲ್ಲಿ ಪಟ್ಟಿಗೆ ಗುರುತು ಹಾಕುವೆನು. ಇಪ್ಪತ್ತೊಂಬತ್ತು ಪೂರ್ತಿ ಹೋಯಿತು. ಮೂವತ್ತರ ಮಧ್ಯಾಹ್ನದ ಹೊತ್ತಿಗೆ ತೊಂಬತ್ತು ಊರು ಮುಗಿದವು. ಸಿಕ್ಕ ಚೀಟಿಗಳನ್ನೆಲ್ಲ ಓದಿದೆವು. ಎರೆಹಾಳದ್ದು ಮಾತ್ರ ಇಲ್ಲ. ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

"ಆಪಾ, ನೆಟ್ಟಗ ನೆನಪ ಮಾಡ್ಕೊಳ್ರಿ" ಎಂದು ರೇಗಿದೆ. "ನಿಮಗ ಚೀಟಿ ಕೊಡದ ಪುಸ್ತಕಾ ಒಯ್ಯೂ ಧೈರ್ಯ ಈ ಕಚೇರ್ಯಾಗ ಯಾರಿಗೈತಿ?"

"ಯಾರಿಗೂ ಇಲ್ಲ. ತಹಶೀಲ್ದಾರ್ ಸಾಹೇಬ್ರನ್ನ ಬಿಟ್ಟಿಲ್ಲ ನಾ."

"ಮತ್ತ ಚೀಟಿ ಕೇಳಲಾರದ ನೀವು ಯಾರಿಗಿ ಕೊಟ್ಟಿದ್ರಿ?"

"ಯಾರಿಗೂ..." ಎಂದವಳು ಅಲ್ಲಿಗೇ ನಿಂತಳು. ಬಾಯಿ ತೆರೆದೇ ಇತ್ತು. ಎರಡೂ ಕೈ ತಲೆಯ ಮೇಲೆ ಹೋದವು. "ಯಾ ಅಲ್ಲಾ! ದೇವಿ! ದೇವಿಗಿ ಕೊಟ್ಟಿದ್ನೋ ಸುಭಾಸಣ್ಣಾ!"

ಈಗ ಇದನ್ನು ಬಿಡಿಸಿ ಹೇಳಬೇಕು. ಮಹಾನವಮಿಯ ಖಂಡೇಪೂಜೆಗೆ ಒಕ್ಕಲಿಗ ನೇಗಿಲಿಗೆ, ಕಂಬಾರ ಸುತ್ತಿಗೆಗೆ ಪೂಜೆ ಮಾಡುತ್ತಾನೆ. ನಮ್ಮ ಕಚೇರಿಯಲ್ಲಿ ಪುಸ್ತಕಕ್ಕೆ ಪೂಜೆ. ವರ್ಷಕ್ಕೊಂದು ಊರಿನ ಪಾಳಿ. ಆ ಊರಿನ ಒಂದು ಡೈರಿಯನ್ನು ಖಾಸಿಂಬಿಯೇ ಕೆಂಪು ವಸ್ತ್ರದಲ್ಲಿ ಕಟ್ಟಿ ದೇವಿಯ ಫೋಟೋ ಮುಂದೆ ಇಡುವಳು. ಶಿರಸ್ತೇದಾರ ಮಡಿವಾಳೆಪ್ಪನವರು ವಿಭೂತಿ ಹಚ್ಚಿ ಕಾಯಿ ಒಡೆಯುವರು. ಬನ್ನಿ ಮುಡಿದ ಮೇಲೆ ಪುಸ್ತಕ ತಿರುಗಿ ಕಪಾಟಿಗೆ. ತಹಶೀಲ್ದಾರರನ್ನು ಬಿಡದ ಈ ಹೆಂಗಸು ದೇವಿಗೆ ಮಾತ್ರ ಚೀಟಿ ಬರೆಸುತ್ತಿರಲಿಲ್ಲ. ದೇವರ ಕಡೆಯಿಂದ ಯಾರು ರಸೀದಿ ಕೇಳುತ್ತಾರೆ, ಹೇಳಿ?

ಎರಡು ಸಾವಿರದ ಹತ್ತೊಂಬತ್ತು ಎರೆಹಾಳದ ಪಾಳಿ. ಆ ವರ್ಷ ವಿಪರೀತ ಮಳೆ, ಅದೇ ದಸರೆಯ ಹೊತ್ತಿಗೆ ಕಚೇರಿ ಹೊಸ ಕಟ್ಟಡಕ್ಕೆ ಸಾಗುತ್ತಿತ್ತು. ಕಪಾಟು ಇನ್ನೂ ಬಂದಿರಲಿಲ್ಲ, ಪುಸ್ತಕ ದೇವಿಯ ಮುಂದೆಯೇ ಉಳಿಯಿತು. ತಿಂಗಳ ಕೊನೆಗೆ ಮಡಿವಾಳೆಪ್ಪನವರು ನಿವೃತ್ತರಾದರು. ದೇವಿಯ ಫೋಟೋ ಅವರೇ ತಂದಿಟ್ಟದ್ದು. ಬೀಳ್ಕೊಡುಗೆಯ ದಿನ ಅದನ್ನು, ಮುಂದಿದ್ದ ಕೆಂಪು ಗಂಟಿನ ಸಮೇತ, ಯಾರೋ ಭಕ್ತಿಯಿಂದ ಅವರನ್ನು ಮನೆಗೆ ಬಿಡುವ ಜೀಪಿನಲ್ಲಿಟ್ಟರು. ಆರು ವರ್ಷದಲ್ಲಿ ಆ ಡೈರಿ ಯಾರಿಗೂ ಬೇಕಾಗಿರಲಿಲ್ಲ.

"ಮಡಿವಾಳೆಪ್ಪನವರ ಮನಿ ಎಲ್ಲಿ?" ಎಂದೆ.

"ಅಣ್ಣಿಗೇರಿ. ಅವರು ತೀರಿಕೊಂಡು ಎರಡ ವರ್ಷಾತು. ಮನಿಯವ್ರು ಅದಾರ. ಏಳ್ರಿ, ಬಸ್ಸು ತಪ್ಪತೈತಿ!"

ಅರವತ್ತು ವರ್ಷದ ಹೆಂಗಸು ಸೆರಗು ಬಿಗಿದು ಓಡಿದ್ದನ್ನು ನೀವು ನೋಡಬೇಕಿತ್ತು. ರಿಕಾರ್ಡ್ ರೂಮಿಗೆ ಕೀಲಿ ಹಾಕಿ, ಅದನ್ನು ಜಗ್ಗಿ ನೋಡಿ, ರಜೆ ಚೀಟಿ ಕೊಟ್ಟು, ಆಮೇಲೆ ಓಡಿದಳು. ಹಿಂದೆ ನಾನು, ಚಪ್ಪಲಿಯ ಉಂಗುಷ್ಟ ಹರಿದು ಒಂಟಿ ಕಾಲಲ್ಲಿ ಕುಂಟುತ್ತ. ಬಸ್ಸಿನಲ್ಲಿ ಆಕೆಗೆ ಪುಕ್ಕಟೆ ಟಿಕೀಟು, ನನಗೆ ರೊಕ್ಕದ್ದು. ಸೀಟು ಆಕೆಗೆ, ನಾನು ನಿಂತೇ ಹೋದೆ. ದಾರಿಯುದ್ದಕ್ಕೂ ಆಕೆ ಅಂದದ್ದು ಒಂದೇ ಮಾತು. "ಇರತೈತಿ. ಕೆಂಪು ವಸ್ತ್ರ. ನಾನs ಕಟ್ಟೇನಿ. ಇರತೈತಿ." ನಾನು ಒಳಗೊಳಗೇ ಅಣ್ಣಿಗೇರಿಯ ಅಮೃತೇಶ್ವರನಿಗೆ ಕಾಯಿ ಹರಕೆ ಹೊತ್ತೆ.

ಮಡಿವಾಳೆಪ್ಪನವರ ಹೆಂಡತಿ ಮಹಾನಂದಾ ಬಾಗಿಲು ತೆರೆದರು. ಎತ್ತರದ ಆಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಒಳಗೆ ದೇವರ ಜಗಲಿಯ ಮೇಲೆ ದೇವಿಯ ಫೋಟೋ. ಅದರ ಮುಂದೆ ಕೆಂಪು ಗಂಟು! ವಿಭೂತಿ ಹಚ್ಚಿ ಹಚ್ಚಿ ವಸ್ತ್ರ ಬೆಳ್ಳಗಾಗಿತ್ತು, ಮೇಲೊಂದು ದಾಸವಾಳ. ನನಗೆ ಕುಣಿಯಬೇಕೆನಿಸಿತು. ಖಾಸಿಂಬಿ ಬೆರಳು ಮಾಡಿ ತೋರಿಸಿದಳು.

"ಅದು ದೇವೀ ಪುಸ್ತಕ" ಎಂದರು ಮಹಾನಂದಾ. "ಆರ ವರ್ಷಾತು, ದಿನಾ ಎರಡ ಹೊತ್ತು ಊದಿನಕಡ್ಡಿ ಬೆಳಗತೇನಿ. ನಮ್ಮವ್ರು ತಂದಿಟ್ಟದ್ದು. ಪೂಜಿ ಗಂಟು ಬಿಚ್ಚಬಾರದು ಅಂತ ಅವರೂ ಬಿಚ್ಚಲಿಲ್ಲ, ನಾನೂ ಬಿಚ್ಚಿಲ್ಲ."

"ಅದು ಎರೆಹಾಳದ ಡೈರಿ ಐತ್ರಿ ಅಕ್ಕಾ" ಎಂದೆ. "ಸರ್ಕಾರದ ಪುಸ್ತಕ."

"ಏನ ಮಾತಾಡ್ತೀರಿ ನೀವು? ದೇವರ ಮುಂದಿಂದು ಸರ್ಕಾರದ್ದು ಹ್ಯಾಂಗಾಗತೈತಿ?"

"ಆ ಗಂಟು ನೋಡ್ರಿ ಅಕ್ಕಾರ" ಎಂದಳು ಖಾಸಿಂಬಿ. "ಎರಡ ಸುತ್ತು, ತುದಿ ಒಳಗ ಸಿಗಸೇತಿ. ಅದು ನನ್ನ ಕೈ ಗಂಟು."

"ಗಂಟು ನಿಮ್ಮದ ಇರವಲ್ದ್ಯಾಕ. ದೇವರು ನಂದು."

ನನಗೆ ರೇಗಿತು. ಪೊಲೀಸು, ಕೇಸು, ಸರ್ಕಾರಿ ದಾಖಲೆ, ಕಲಮು ಎಂದು ಶುರು ಮಾಡಿದೆ. ಅಷ್ಟಕ್ಕೆ ಆಯಮ್ಮ ಜಗಲಿಗೆ ಅಡ್ಡವಾಗಿ ನಿಂತುಬಿಟ್ಟರು! ಖಾಸಿಂಬಿ ನನ್ನ ಕಡೆ ತಿರುಗಿ "ಸುಭಾಸಣ್ಣಾ, ಬಾಯಿ ಮುಚ್ಚರಿ ಸ್ವಲ್ಪ" ಎಂದಳು. ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದಳು. ತಲೆ ತುಂಬ ಸೆರಗು ಹೊದ್ದು ಜಗಲಿಯ ಮುಂದೆ ಕುಳಿತಳು.

"ನಾ ಮುಟ್ಟೂದಿಲ್ರಿ ಅಕ್ಕಾರ. ನೀವs ಬಿಚ್ಚರಿ. ಒಳಗ ದೇವೀ ಪುರಾಣ ಇದ್ರ ಕಟ್ಟಿ ಇಡ್ರಿ, ನಾ ಕೈ ಮುಗದು ಹೋಗ್ತೇನಿ. ನಾಳಿಗೆ ನನ್ನ ನೌಕರಿ ಮುಗೀತೈತಿ. ಈ ಪುಸ್ತಕಾ ಸಿಗಲಿಲ್ಲಂದ್ರ ನನಗ ಕಳ್ಳಿ ಅಂತ ಬರೀತಾರ್ರಿ." ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ನಾನು ಗೋಡೆಯ ಕಡೆ ಮುಖ ಮಾಡಿದೆ. ನಾಳೆ ಬರೆಯುವುದೇನು, ನಾನು ಎಂದೋ ಬರೆದಾಗಿತ್ತು.

ಮಹಾನಂದಾ ದೇವಿಗೆ ಕೈ ಮುಗಿದು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದರು. ಒಣಗಿದ ಬನ್ನಿ ಎಲೆ ಉದುರಿದವು. ರಟ್ಟಿನ ಮೇಲೆ ದಪ್ಪ ಅಕ್ಷರ: ‘ಮೌಜೆ ಎರೆಹಾಳ, ಹಕ್ಕು ಬದಲಾವಣೆ ಪುಸ್ತಕ.’ ಮೊದಲ ಹಾಳೆ ತೆಗೆದರು. ಹೆಸರುಗಳು, ಸರ್ವೆ ನಂಬರು, ಹೆಬ್ಬೆಟ್ಟಿನ ಗುರುತು. ಇನ್ನೊಂದು ಹಾಳೆ. ಮತ್ತೆ ಹೆಬ್ಬೆಟ್ಟು.

ಮಹಾನಂದಾ ಬಾಯಿಗೆ ಸೆರಗು ಹಚ್ಚಿದರು. ಅಳುತ್ತಾರೆ ಎಂದುಕೊಂಡರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ!

"ಅಯ್ಯ ನನ್ನ ಶಿವನs! ಆರ ವರ್ಷ ನಾ ಎರೆಹಾಳದ ಮಂದಿ ಹೆಬ್ಬೆಟ್ಟಿಗಿ ಪೂಜಿ ಮಾಡೇನೇನs?" ಎಂದರು. "ಅದಕs ನಮ್ಮ ಹೊಲ ಇದ್ದಲ್ಲೇ ಅದಾವ, ಎರೆಹಾಳದವ್ರು ಉದ್ಧಾರಾದ್ರು!"

ಖಾಸಿಂಬಿಯೂ ಅಳುತ್ತಲೇ ನಕ್ಕಳು. ಆಕೆ ಗಡಗಡ ಹಾಳೆ ಎಣಿಸಿದಳು. ಇನ್ನೂರು ಹಾಳೆ, ಒಂದೂ ಹರಿದಿಲ್ಲ, ಗೆದ್ದಲು ಮುಟ್ಟಿಲ್ಲ. ಎರಡು ಹೊತ್ತಿನ ಊದಿನಕಡ್ಡಿಯ ಹೊಗೆ ಅದನ್ನು ಕಾಪಾಡಿತ್ತು. "ನನ್ನ ಕಪಾಟದಾಗೂ ಇಷ್ಟ ಛಲೋ ಉಳೀತಿದ್ದಿಲ್ರಿ ಅಕ್ಕಾರ" ಎಂದಳು. ಮಹಾನಂದಾ ಮನೆ ಮಗಳನ್ನು ಕಳಿಸುವ ಹಾಗೆ ಪುಸ್ತಕದ ಮೇಲೆ ಕುಪ್ಪಸದ ಖಣ, ಕಾಯಿ, ಒಂದು ಹಿಡಿ ಅಕ್ಕಿ ಇಟ್ಟು ಉಡಿ ತುಂಬಿದರು. ಖಾಸಿಂಬಿ ಚೀಲದಿಂದ ಚೀಟಿ ತೆಗೆದಳು. ‘ಎರೆಹಾಳದ ಡೈರಿ ಒಂದು, ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂದು ಬರೆದು ಸಹಿ ಮಾಡಿ ಕೊಟ್ಟಳು. ಅದನ್ನು ಮಹಾನಂದಾ ದೇವಿಯ ಮುಂದೆ ಇಟ್ಟು ದಾಸವಾಳ ಏರಿಸಿದರು.

ಮರುದಿನ ಮೂವತ್ತೊಂದು. ಹತ್ತು ಗಂಟೆಗೆ ಪುಸ್ತಕ ತಹಶೀಲ್ದಾರರ ಮೇಜಿನ ಮೇಲಿತ್ತು, ಕಾಯಿ ಖಣದ ಸಮೇತ. ಹನ್ನೊಂದಕ್ಕೆ ನೋಟಿಸು ರದ್ದಾಯಿತು. ಮಧ್ಯಾಹ್ನಕ್ಕೆ ಸಿದ್ಧಾರೂಢನಿಗೆ ನಕಲು ಸಿಕ್ಕಿತು. ಅವನು ಖಾಸಿಂಬಿಯ ಕಾಲಿಗೆ ಬೀಳಲು ಹೋದ, ಆಕೆ ಗದರಿ ಎಬ್ಬಿಸಿದಳು. ಸಂಜೆ ಹಾರ, ಶಾಲು, ಚುರುಮುರಿ, ಮಿರ್ಚಿ. ಕಚೇರಿಯೆಲ್ಲ ಸಡಗರ. ನಾನು ಮಾತ್ರ ನನ್ನ ಪಾಲಿನ ಮಿರ್ಚಿಯನ್ನು ಹಾಗೆಯೇ ಕಾಗದದಲ್ಲಿ ಸುತ್ತಿಟ್ಟೆ.

ಎಲ್ಲರೂ ಹೋದ ಮೇಲೆ ರಿಕಾರ್ಡ್ ರೂಮಿನ ಹೊಸ್ತಿಲಿಗೆ ಹೋದೆ. ಆಕೆ ಒಳಗೆ ಕೊನೆಯ ಫೈಲು ದಾರದಿಂದ ಹೊಲಿಯುತ್ತಿದ್ದಳು. ನೋಡಿದರೆ ನನ್ನ ಅರ್ಜಿ! ಜೆರಾಕ್ಸ್ ಅಲ್ಲ, ಮೂಲ ಪ್ರತಿ.

"ಆಪಾ" ಎಂದೆ. "ಅದನ್ನ ಬರದಾವ ನಾನs."

"ಗೊತ್ತೈತಿ. ಈ ರೂಮಿನ್ಯಾಗ ಅರ್ಧ ಅರ್ಜಿ ನಿಮ್ಮ ಅಕ್ಷರದಾಗ ಅದಾವ. ಮೊದಲನೇ ದಿವಸಾನ ಗೊತ್ತಾಗಿತ್ತು."

"ಗೊತ್ತಿದ್ದೂ ನನ್ನ ಕಡೆ ಬಂದ್ರಿ?"

"ಮತ್ತ ಯಾರ ಕಡೆ ಹೋಗ್ಲಿ? ಬ್ಯಾರೇದಾವ್ರು ಉತ್ತರಾ ಅಷ್ಟ ಬರದು ಕೊಡ್ತಿದ್ರು. ನಿಮಗ ಒಳಗ ಕಡೀತಿತ್ತಲ್ಲ, ಎರಡ ದಿನಾ ಕುಂತು ಹುಡಕಿದ್ರಿ."

ಇದ್ದಬದ್ದ ಧೈರ್ಯ ಒಟ್ಟುಮಾಡಿ ಕೇಳಿದೆ. "ಪುಸ್ತಕ ಸಿಕ್ಕೇತಿ, ನೋಟಿಸ ರದ್ದಾಗೇತಿ. ಆ ಹಾಳಿ ಹರದ ಬಿಡ್ರಿ ಆಪಾ. ಮುಂದ ಯಾರರ ಓದಿದ್ರ ನಿಮಗs ಕೆಟ್ಟ ಹೆಸರು. ಆ ಲಂಚದ ಮಾತು ಸುಳ್ಳು, ನಾ ಸುಮ್ನ ಸೇರಿಸಿದ್ದು."

ಅಷ್ಟು ಸಿಟ್ಟು ಆಕೆಯ ಮುಖದ ಮೇಲೆ ನಾನು ಎಂದೂ ಕಂಡಿರಲಿಲ್ಲ. ಸೂಜಿ ಹಿಡಿದ ಕೈ ಹಾಗೆಯೇ ನಿಂತಿತು.

"ಹರೀಲಿ? ನಾನು? ಇಪ್ಪತ್ತೆಂಟ ವರ್ಷದಾಗ ಇಲ್ಲಿಂದ ಒಂದ ಹಾಳಿ ಹರದಿಲ್ಲ. ಎಷ್ಟ ಮಂದಿ ಕಾಲ ಹಿಡದಾರ, ಎಷ್ಟ ಮಂದಿ ಹೆದರಿಸ್ಯಾರ. ಹರದಿಲ್ಲ. ಇವತ್ತ ನನ್ನ ಹೆಸರ ಸಲುವಾಗಿ ಹರದ್ರ, ನೀವು ಬರದದ್ದು ಖರೇನ ಆಗತೈತಿ."

ಆಕೆ ಒಂದು ಬಿಳಿ ಹಾಳೆ ತಂದು ಹೊಸ್ತಿಲ ಮೇಲೆ, ನನ್ನ ಮುಂದೆ ಇಟ್ಟಳು.

"ಬರೀರಿ" ಎಂದಳು. "ಪುಸ್ತಕ ಎಲ್ಲಿತ್ತು, ಹ್ಯಾಂಗ ಸಿಕ್ತು, ಚೀಟಿ ಹಾಕಲಾರದ್ದು ನನ್ನ ತಪ್ಪು, ಆ ಸಾಲು ನಿಮ್ಮ ತಪ್ಪು. ಉಪ್ಪುಖಾರ ಹಾಕಬ್ಯಾಡ್ರಿ. ಕೆಳಗ ಸಹಿ ಮಾಡ್ರಿ."

ಮೂವತ್ತೊಂದು ವರ್ಷದಲ್ಲಿ ಸಾವಿರಾರು ಅರ್ಜಿ ಬರೆದಿದ್ದೇನೆ, ನನ್ನ ಹೆಸರಿನಲ್ಲಿ ಒಂದನ್ನೂ ಬರೆದಿರಲಿಲ್ಲ. ಅಂದು ಬರೆದೆ. ಮುತ್ತಿನಂಥ ಅಕ್ಷರ ವಕ್ರವಾದವು. ಖಾಸಿಂಬಿ ಒಂದೊಂದೇ ಸಾಲು ಓದಿದಳು, ಪುಟದ ಸಂಖ್ಯೆ ಹಾಕಿದಳು, ನನ್ನ ಅರ್ಜಿಯ ಬೆನ್ನಿಗೆ ಇಟ್ಟು ಎರಡನ್ನೂ ಸೇರಿಸಿ ಹೊಲಿದಳು.